ಒಂದೇ ತಂತಿಯ ಲಾಂಡ್ರಿ

…ಇಲ್ಲ ಅಕ್ಕ, ನಿನ್ನ ಹತ್ತಿರ ಸುಳ್ಳು ಹೇಳೋಕೆ ನನಗೇನು ಬೇರೆ ಕೆಲಸ ಇಲ್ವಾ? ನಮ್ಮಮ್ಮನಾಣೆ. ನಿನಗೂ ಅವಳೇ ಅಮ್ಮ, ಆದ್ದರಿಂದ ಈ ಆಣೆ ಇಬ್ಬರ ತಲೆ ಮೇಲೂ ಸಮವಾಗಿ ಕೂತಿದೆ, ನಾನೊಬ್ಬನೇ ಹೊರಬೇಕಾಗಿಲ್ಲ. ಈಗ ಹೇಳೋದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೊದಲು ಮೇಜಿನಿಂದ ಕೈ ತೆಗಿ. ಸರಿಸೋದು ಆಮೇಲೆ. ಕಂಪ್ಯೂಟರ್ ತಂತಿ ಎಳೆಯೋಕೆ ಬಂದ ಆ ಏಣಿಯವನು ಇನ್ನೂ ಮುಂದುಗಡೆ ನಿನ್ನ ಕೌಂಟರಿನ ಗೋಡೆ ಕೊರೀತಿದ್ದಾನೆ, ಕೇಳಿಸ್ತಿಲ್ವಾ? ಇಲ್ಲಿಗೆ ಬರೋಕೆ ಹೊತ್ತಿದೆ. ಕೂತ್ಕೋ. ಆ ಟವಲ್ ಗಂಟಿನ ಮೇಲೇ ಕೂತ್ಕೋ, ಒಗೆದಿರೋದು.

ಹೊಸ ತಂತಿ ಬರ್ಬೇಕಾದ್ರೆ ನನ್ನ ಮೇಜು ಸರಿಯಲೇಬೇಕು ಅಂದನಾ? ಅಂತಾನೆ. ಏಣಿ ಇಟ್ಕೊಂಡಿರೋನಿಗೆ ಕಂಡ ಗೋಡೆಯೆಲ್ಲಾ ಬೇಕು. ಆದರೆ ಯೋಚನೆ ಮಾಡು. ಈ ಲಾಂಡ್ರಿಗೆ ನೆಟ್‌ವರ್ಕ್ ಹಾಕಿದ್ದು ಯಾರು? ನಾನು. ಅವತ್ತು ನಾನು ಎಳೆದ ತಂತಿ ಎಷ್ಟು ನೆಟ್ಟಗಿತ್ತು ಅಂದ್ರೆ, ಈ ಕಟ್ಟಡ ಕಟ್ಟಿದ ಮೇಸ್ತ್ರಿ ಬಂದು ನೋಡಿ, ನಾಚಿಕೊಂಡು, ಗೋಡೆ ಬಿಚ್ಚಿ ಮತ್ತೆ ಕಟ್ಟಿಕೊಡ್ತೀನಿ ಅಂದ. ನಾನೇ ಬೇಡ ಅಂದೆ. ಪಾಪ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ ಅಂತ.

ನಗು, ನಗು. ನಿನ್ನ ನಗು ನೋಡಿ ಎಷ್ಟು ದಿನ ಆಗಿತ್ತು.

ನಮ್ಮ ಕಟ್ಟಡ ನೋಡು. ರೈಲು ಡಬ್ಬಿ ಹಾಗೆ ಒಂದರ ಹಿಂದೆ ಒಂದು ಕೋಣೆ. ರಸ್ತೆ ಕಡೆ ತುದಿಯಲ್ಲಿ ಕೌಂಟರು, ಅಲ್ಲಿ ನೀನು. ನಿನ್ನ ಹಿಂದೆ ಬಟ್ಟೆಗೆ ಚೀಟಿ ಹಚ್ಚೋ ಕೋಣೆ, ಅದರ ಹಿಂದೆ ಒಗೆಯೋ ಯಂತ್ರಗಳು. ನಟ್ಟನಡುವೆ ಈ ಗೂಡು, ಇಲ್ಲಿ ನಾನು. ನನ್ನ ಬೆನ್ನ ಹಿಂದೆ ಇಸ್ತ್ರಿ, ಆಮೇಲೆ ಪ್ಯಾಕಿಂಗು, ಕಟ್ಟಕಡೆಗೆ ಹಿತ್ತಲ ಬಾಗಿಲಲ್ಲಿ, ವ್ಯಾನಿಗೆ ಗಂಟು ತುಂಬೋ ಕಡೆ, ಬಾವ. ಗಂಡ ಒಂದು ತುದಿ, ಹೆಂಡತಿ ಒಂದು ತುದಿ, ನಡುವೆ ನಾನೂ ಒಂದಿಷ್ಟು ಹಬೆಯೂ. ಇಂಥ ಕಟ್ಟಡಕ್ಕೆ ಎಂಥ ತಂತಿ ಬೇಕು? ಒಂದೇ ಉದ್ದನೆ ತಂತಿ, ಈ ತುದಿಯಿಂದ ಆ ತುದಿಗೆ. ದಾರಿಯಲ್ಲಿ ಸಿಕ್ಕ ಕಂಪ್ಯೂಟರನ್ನೆಲ್ಲ ಅದಕ್ಕೇ ಸಿಕ್ಕಿಸೋದು. ಏಣಿಯವನು ಅದಕ್ಕೆ ಬಸ್ ಅಂತಾನೆ. ನಾನು ಬಟ್ಟೆ ಒಣಗಿಸೋ ಹಗ್ಗ ಅಂತೀನಿ. ಒಂದು ಹಗ್ಗ ಕಟ್ಟು, ಎಲ್ಲರ ಅಂಗಿಯನ್ನೂ ಅದರ ಮೇಲೇ ಹಾಕು. ತಂತಿ ಕಮ್ಮಿ, ಕೆಲಸ ಕಮ್ಮಿ, ಗೋಡೆ ತುಂಬ ಹಾವು ಹರಿದಾಡಿದ ಹಾಗೆ ಕಾಣೋದಿಲ್ಲ. ಹೊಸ ಕಂಪ್ಯೂಟರ್ ಬಂತಾ? ನಡುವೆ ಒಂದು ಸಣ್ಣ ತುಂಡು ಕೂಡಿಸಿ ಸಿಕ್ಕಿಸು. ಹಗ್ಗಕ್ಕೆ ಇನ್ನೊಂದು ಅಂಗಿ ಏರಿಸಿದ ಹಾಗೆ. ಇಡೀ ಲಾಂಡ್ರಿಗೆ ಇದನ್ನ ನಾನು ಮಧ್ಯಾಹ್ನದ ಊಟಕ್ಕೆ ಮುಂಚೆ ಹಾಕಿ ಮುಗಿಸಿದೆ. ಊಟಕ್ಕೆ ಕೂತಾಗ ಕೈ ಕೂಡ ಕೊಳೆ ಆಗಿರ್ಲಿಲ್ಲ.

ಏಣಿಯವನ ಲೆಕ್ಕ ಬೇರೆ. ನಡುವೆ ಒಂದು ಪೆಟ್ಟಿಗೆ ಇಡ್ತಾನಂತೆ. ಒಂದೊಂದು ಕಂಪ್ಯೂಟರಿನಿಂದಲೂ ಬೇರೆ ಬೇರೆ ತಂತಿ ಎಳೆದು ಆ ಪೆಟ್ಟಿಗೆಗೆ ತರ್ತಾನಂತೆ. ಒಂದು ತಂತಿ ಕೆಟ್ಟರೆ ಆ ಒಂದು ಕಂಪ್ಯೂಟರ್ ಮಾತ್ರ ಮೂಗಾಗುತ್ತೆ, ಉಳಿದವು ಮಾತಾಡ್ತಾ ಇರುತ್ವೆ. ಸರಿ, ಒಪ್ಪಿದೆ. ಯಾವ ತಂತಿ ಕೆಟ್ಟಿದೆ ಅಂತ ಹುಡುಕೋದೂ ಸುಲಭ. ಅದನ್ನೂ ಒಪ್ಪಿದೆ. ನಾನು ಒಪ್ಪೋ ವಿಷಯ ಒಪ್ಪದೇ ಇರೋ ಮನುಷ್ಯ ಅಲ್ಲ. ಆದರೆ ಆ ಪೆಟ್ಟಿಗೆನೇ ಕೆಟ್ಟರೆ? ನಮ್ಮ ಮನೆ ನೆನಪು ಮಾಡ್ಕೋ. ಅಮ್ಮ ಅಂದ್ರೆ ಆ ಪೆಟ್ಟಿಗೆ. ಎಲ್ಲರ ಮಾತೂ ಅವಳ ಮೂಲಕವೇ ಹೋಗ್ಬೇಕು. ನನ್ನ ಚಪ್ಪಲಿ ಕಿತ್ತಿದೆ ಅಂತ ಅಪ್ಪನಿಗೆ ಹೇಳ್ಬೇಕಾದ್ರೆ ಅಮ್ಮನಿಗೆ ಹೇಳ್ಬೇಕಿತ್ತು, ಅಪ್ಪ ಪಕ್ಕದಲ್ಲೇ ಕೂತು ಆ ಚಪ್ಪಲಿಯನ್ನೇ ನೋಡ್ತಿದ್ರೂ. ಅವಳು ತವರಿಗೆ ಹೋದ ವಾರ ಏನಾಯ್ತು? ಅಪ್ಪ, ನೀನು, ನಾನು, ಮೂರೂ ಜನ ಒಂದೇ ಕೋಣೆಯಲ್ಲಿ ಕೂತು ಗೋಡೆ ನೋಡಿದ್ವಿ. ಉಪ್ಪು ಕೊಡಿ ಅಂತ ಕೇಳೋಕೂ ದಾರಿ ಇರ್ಲಿಲ್ಲ. ವಾರಪೂರ್ತಿ ಸಪ್ಪೆ ಉಂಡ್ವಿ.

ಹ್ಞೂಂ, ನಮ್ಮ ಹಗ್ಗಕ್ಕೂ ದೋಷ ಇಲ್ಲ ಅಂತ ನಾನು ಹೇಳ್ತಿಲ್ಲ. ಹಗ್ಗದ ಮೇಲೆ ಇಬ್ಬರು ಒಟ್ಟಿಗೆ ಮಾತು ಬಿಟ್ಟರೆ ನಡುದಾರಿಯಲ್ಲಿ ಡಿಕ್ಕಿ. ಆಗ ಎರಡೂ ಕಂಪ್ಯೂಟರ್ ಸುಮ್ಮನಾಗ್ಬೇಕು, ಸ್ವಲ್ಪ ಹೊತ್ತು ಕಾಯ್ಬೇಕು, ಆಮೇಲೆ ಮತ್ತೆ ಶುರು ಮಾಡ್ಬೇಕು. ಏಣಿಯವನು ಇದನ್ನ ದೋಷ ಅಂತಾನೆ. ನಾನು ನೋಡಿದ ಎಷ್ಟೋ ಮನುಷ್ಯರಿಗಿಂತ ಒಳ್ಳೆ ನಡತೆ ಅಂತೀನಿ. ನೀನೂ ಬಾವನೂ ಮೊದಲನೇದು ಮಾಡಿದ್ರಿ, ಸುಮ್ಮನಾದ್ರಿ. ಎರಡನೇದೂ ಮಾಡಿದ್ರಿ, ಕಾದ್ರಿ. ಆ ಮೂರನೇದು, ಮತ್ತೆ ಶುರು ಮಾಡೋದು, ಅದೊಂದು ನಿಮ್ಮಿಬ್ಬರ ಕೈಲಿ ಆಗ್ಲಿಲ್ಲ.

ಮುಖ ತಿರುಗಿಸ್ಬೇಡ. ನಡೆದದ್ದನ್ನೇ ಹೇಳ್ತಿದ್ದೀನಿ. ಹೋಟೆಲಿನ ಹಾಸಿಗೆ ಹೊದಿಕೆಗಳು ಆಸ್ಪತ್ರೆಗೆ ಹೋದ್ವು, ಆಸ್ಪತ್ರೆಯ ಹಸಿರು ನಿಲುವಂಗಿಗಳು ಹೋಟೆಲಿಗೆ ಹೋದ್ವು. ಹೋಟೆಲಿನವರು ಅವನ್ನ ಅಡುಗೆಯವರಿಗೆ ತೊಡಿಸಿ ಎರಡು ದಿನ ಆದ ಮೇಲೆ ಫೋನ್ ಮಾಡಿದ್ರು, ಬಣ್ಣ ಚೆನ್ನಾಗಿದೆ ಅಂತ. ಅದು ಯಾರ ತಪ್ಪು ಅಂತ ಅವತ್ತು ಯಾರಿಗೂ ಗೊತ್ತಿರ್ಲಿಲ್ಲ. ಆದರೆ ಬಾವ ಅವತ್ತು ಇಸ್ತ್ರಿಯವರು, ಪ್ಯಾಕಿಂಗಿನವರು, ಎಲ್ಲರ ಎದುರಿಗೆ ನಿನಗೆ ಹೇಳಿದ್ರು: "ನಿನಗೆ ಚೀಟಿ ಓದೋಕೆ ಕಣ್ಣು ಕಾಣ್ಸಲ್ಲ. ಕೌಂಟರ್ ಬಿಟ್ಟು ಮನೆಯಲ್ಲಿ ಕೂತ್ಕೋ."

ಈ ಕೌಂಟರನ್ನ ನೀನು ಎಷ್ಟು ವರ್ಷ ನಿಂತು ಕಟ್ಟಿದ್ದೀಯ ಅಂತ ನನಗೆ ಗೊತ್ತು. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಉಜ್ಜೋ ಸದ್ದಲ್ಲೇ ಯಾರ ಮನೆ ಗಂಟು ಅಂತ ಹೇಳ್ತೀಯ. ನೀನೂ ಸುಮ್ಮನಿರ್ಲಿಲ್ಲ ಅನ್ನು. "ಕಣ್ಣು ಕಾಣದೇ ಇದ್ದದ್ದು ಹೌದು, ಇಲ್ಲದಿದ್ರೆ ನಿಮ್ಮನ್ನ ಕಟ್ಕೊಳ್ತಿದ್ನಾ" ಅಂದೆ. ಇಸ್ತ್ರಿಯಣ್ಣ ನಕ್ಕುಬಿಟ್ಟ. ಅವನು ನಕ್ಕಿದ್ದೇ ಬಂತು ನೋಡು ಕೇಡು. ಬಾವ ಹಿಂದಕ್ಕೆ ಹೋದ್ರು, ನೀನು ಮುಂದಕ್ಕೆ ಹೋದೆ. ಅಲ್ಲಿಗೆ ಮುಗೀತು.

ಅವತ್ತಿನಿಂದ ಬಾಯಿಮಾತಿಲ್ಲ. ಇದ್ದದ್ದೆಲ್ಲ ಕಂಪ್ಯೂಟರಿನಲ್ಲಿ. ಮಹಡಿ ಮೇಲೆ ಮನೆ, ಕೆಳಗೆ ಲಾಂಡ್ರಿ. ನೀನು ಮೇಲೆ ಅಡುಗೆ ಮಾಡಿ, ಒಲೆ ಆರಿಸಿ, ಮೆಟ್ಟಿಲಿಳಿದು ಕೌಂಟರಿಗೆ ಬಂದು "ಊಟ ಆಗಿದೆ" ಅಂತ ಟೈಪ್ ಮಾಡ್ಬೇಕು. ಬಾವ ಹಿತ್ತಲಲ್ಲಿ ಅದನ್ನ ಓದಿ "ಸರಿ" ಅಂತ ಟೈಪ್ ಮಾಡ್ಬೇಕು. ನೀನು ಅದನ್ನ ಓದಿ, ಮತ್ತೆ ಮೆಟ್ಟಿಲು ಹತ್ತಿ ತಟ್ಟೆ ಹಾಕ್ಬೇಕು. ಇಬ್ಬರೂ ಎದುರುಬದುರು ಕೂತು, ಕಂಪ್ಯೂಟರ್ ಇಲ್ಲ ಅಂತ, ತುಟಿ ಬಿಚ್ಚದೆ ಉಣ್ಬೇಕು. ನಾನೂ ಒಂದು ಸಲ ನಿಮ್ಮ ಜೊತೆ ಉಂಡೆ. ಅವತ್ತು ನನ್ನ ಹಲ್ಲಿನ ಸದ್ದು ನನಗೇ ಕೇಳಿ ಹೆದರಿಬಿಟ್ಟೆ.

ಈಗ ಪರವಾಗಿಲ್ಲ ಅಲ್ವಾ? ಈಚೆಗೆ ಮೆಸೇಜುಗಳಲ್ಲಿ ಬಿಸಿ ಬಂದಿದೆ. ಮಾತು ಬಂದಿಲ್ಲ, ಆದ್ರೂ ಬಾವ ತಟ್ಟೆ ತಾವೇ ತೊಳೆದಿಡ್ತಾರೆ ಅಂತ ನೀನೇ ಹೇಳಿದೆ. ಹೇಳುವಾಗ ನಿನ್ನ ಕಿವಿ ಕೆಂಪಗಾಗಿತ್ತು. ಅದಕ್ಕೇ ತಾನೇ ಈ ಏಣಿಯವನನ್ನ ಕರೆಸಿದ್ದು? ಗೊತ್ತು ನನಗೆ. ಅವನು ಬಂದಾಗ ನಿನ್ನ ಕಿವಿಯಲ್ಲಿ ಊದಿದ್ದಾನೆ: ಒಂದೇ ತಂತಿ ಆದ್ರೆ, ಬರೆದ ಮಾತು ಎಲ್ಲಾ ಕಂಪ್ಯೂಟರಿನ ಮುಂದೂ ಹಾದು ಹೋಗುತ್ತೆ ಮೇಡಂ, ಬೇಕಾದವರು ಕಿವಿ ಇಟ್ಟು ಕೇಳಬಹುದು ಮೇಡಂ, ಪೆಟ್ಟಿಗೆ ಆದ್ರೆ ಯಾರಿಗೆ ಬರೆದ್ರೋ ಅವರಿಗೆ ಮಾತ್ರ ಮೇಡಂ. ನೀನು ತಕ್ಷಣ, ಇವತ್ತೇ ಹಾಕಿ ಅಂದೆ. ಅಲ್ಲ, ನಾಲ್ಕು ಗೋಡೆಗೆ ತೂತು ಕೊರೆಸಿ ಗಂಡನಿಗೆ ಹೇಳ್ಬೇಕಾದ ಗುಟ್ಟು ಏನಿದೆಯಮ್ಮ ನಿನ್ನ ಹತ್ತಿರ? ಈ ವಯಸ್ಸಿನಲ್ಲಿ?

ಸರಿ, ಸರಿ. ಕೇಳೋದಿಲ್ಲ. ಟವಲ್ ಬಿಸಾಡ್ಬೇಡ, ಮಡಚಿದ್ದು.

ಕೊರೆಯೋ ಸದ್ದು ಹತ್ತಿರ ಬಂತು. ಒಗೆಯೋ ಕೋಣೆಗೆ ಬಂದ ಅಂತ ಕಾಣುತ್ತೆ. ಬೇಗ ಬೇಗ ಮಾಡ್ತಾನೆ, ಒಳ್ಳೆ ಕೆಲಸಗಾರ ಅಲ್ಲ ಅವನು. ಒಳ್ಳೆ ಕೆಲಸಗಾರ ನಡುವೆ ಟೀ ಕೇಳ್ತಾನೆ. ನೀನು ಹೋಗಿ ಅವನಿಗೊಂದು ಟೀ ಕೊಟ್ಟು ಬಾ… ಬೇಡ್ವಾ. ಕುಡಿಯಲ್ವಂತಾ. ನೋಡಿದ್ಯಾ, ಇಂಥವನನ್ನ ಹೇಗೆ ನಂಬೋದು?

ಏನು ನೋಡ್ತಿದ್ದೀಯ? ಇವಾ? ಹೌದು, ನನ್ನ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇವೆ. ಮೊದಲಿಂದಲೂ ಇವೆ. ಅವತ್ತೇ ಹೇಳಿದ್ನಲ್ಲ, ಒಂದಕ್ಕೆ ಸುಸ್ತಾದರೆ ಇನ್ನೊಂದು. ಎಡಗೈಗೆ ಒಂದು, ಬಲಗೈಗೆ ಒಂದು. ನನ್ನ ಟೈಪಿಂಗ್ ವೇಗ ನಿನಗೆ ಗೊತ್ತೇ ಇದೆ. ಒಂದು ಸಲ ನಾನು ಹೊಡೆದ ಹೊಡೆತಕ್ಕೆ ಒಂದು ಕೀಲಿ ಕಿತ್ತು ಹಾರಿ, ಆ ಕಿಟಕಿಯಿಂದ ಒಗೆಯೋ ಯಂತ್ರದ ಬಾಯಿಗೆ ಬಿತ್ತು. ಆಸ್ಪತ್ರೆ ಬಟ್ಟೆ ಜೊತೆ ತಿರುಗಿ ತಿರುಗಿ, ಅಕ್ಷರ ಅಳಿಸಿಹೋಗಿ, ಹಾಲಿನ ಹಾಗೆ ಬೆಳ್ಳಗೆ ಹೊರಗೆ ಬಂತು. ಈಗಲೂ ಇದೆ ನೋಡು, ಇದೇ. ಯಾವ ಅಕ್ಷರ ಅಂತ ನನ್ನ ಬೆರಳಿಗೆ ಮಾತ್ರ ಗೊತ್ತು.

ಈ ಸಲ ನಗ್ಲಿಲ್ಲ ನೀನು.

ಆ ಮೇಜಿನ ಕೆಳಗೆ ಬಗ್ಗಬೇಡ ಅಕ್ಕ. ಧೂಳು ತುಂಬಿದೆ. ನಿನಗೆ ಸೊಂಟ ನೋವು ಬೇರೆ. ಅಲ್ಲಿ ಏನೂ ಇಲ್ಲ. ಒಂದು ತಂತಿ ಈ ಕಡೆಯಿಂದ ಬಂದು ನಿಂತಿದೆ, ಒಂದು ತಂತಿ ಆ ಕಡೆಯಿಂದ ಬಂದು ನಿಂತಿದೆ, ಅಷ್ಟೇ. ನಡುವೆ ಏನೂ ಇಲ್ಲ. ಹೌದು… ಅದೇ ನಾನು ಹೇಳಿದ್ದು, ನಡುವೆ ಏನೂ ಇಲ್ಲ ಅಂತ.

ಕೂತ್ಕೋ, ಹೇಳ್ತೀನಿ. ಹೇಳೋಕೆ ನನಗೇನು ಹೆದರಿಕೆನಾ? ತಂತಿ ತುಂಡಾಗಿದೆ. ತುಂಡಾಗಿ ಬಹಳ ಕಾಲ ಆಯ್ತು, ನಿಮ್ಮ ಜಗಳಕ್ಕೂ ಎಷ್ಟೋ ಮುಂಚೆ. ಇಸ್ತ್ರಿಯಣ್ಣ ಒದ್ದೆ ಹೊದಿಕೆ ತುಂಬಿದ ತಳ್ಳುಗಾಡಿಯನ್ನ ಅದರ ಮೇಲೆ ಹತ್ತಿಸಿಬಿಟ್ಟ. ಟಪ್ ಅಂತ ಒಂದು ಸದ್ದು. ಇಡೀ ಲಾಂಡ್ರಿ ಮೂಗಾಯ್ತು. ಹಗ್ಗದ ದೊಡ್ಡ ದೋಷ ಅದೇ, ಅದನ್ನ ನಾನು ಮೊದಲೇ ಹೇಳ್ಬೇಕಿತ್ತು, ಯಾಕೋ ಬಾಯಿಗೆ ಬರ್ಲಿಲ್ಲ. ಎಲ್ಲಿ ತುಂಡಾದರೂ ಎಲ್ಲರ ಅಂಗಿಯೂ ಕೆಸರಿಗೆ. ತುದಿಯಲ್ಲಿ ಮುಚ್ಚಳ ಇರ್ಬೇಕು ನೋಡು, ಬೆರಳಿನ ತುದಿಯಷ್ಟು ಒಂದು ಮುಚ್ಚಳ. ಅದಿಲ್ಲದಿದ್ರೆ ಮಾತು ತುದಿಗೆ ಹೋಗಿ ಬಡಿದು ವಾಪಸ್ಸು ಬಂದು, ಹಿಂದೆ ಬರ್ತಿರೋ ಮಾತಿಗೆ ಡಿಕ್ಕಿ ಹೊಡೀತಾನೇ ಇರುತ್ತೆ. ನನ್ನ ಹತ್ತಿರ ಅಷ್ಟುದ್ದ ತಂತಿ ಇರ್ಲಿಲ್ಲ, ಎರಡು ಮುಚ್ಚಳ ಇತ್ತು. ತುಂಡಾದ ಎರಡು ತುದಿಗೂ ಹಾಕಿದೆ. ನಿನ್ನ ಕಡೆಯ ಅರ್ಧಕ್ಕೆ ಜೀವ ಬಂತು. ಬಾವನ ಕಡೆಯ ಅರ್ಧಕ್ಕೂ ಜೀವ ಬಂತು. ಅರ್ಧಕ್ಕೂ ಅರ್ಧಕ್ಕೂ ಮಾತ್ರ ಸಂಬಂಧ ಇಲ್ಲ. ಆಮೇಲೆ ಉಗ್ರಾಣದಿಂದ ಇನ್ನೊಂದು ಕಂಪ್ಯೂಟರ್ ತಂದು ಇಲ್ಲಿಟ್ಟೆ. ಎಡಗಡೆಯದು ನಿನ್ನ ಅರ್ಧ, ಬಲಗಡೆಯದು ಅವರ ಅರ್ಧ. ನಡುವೆ ತಿರುಗೋ ಕುರ್ಚಿ.

ಹೌದು. ಎಡಕ್ಕೆ ಬಂದದ್ದನ್ನ ಓದಿ ಬಲಕ್ಕೆ ಟೈಪ್ ಮಾಡೋದು. ಬಲಕ್ಕೆ ಬಂದದ್ದನ್ನ ಎಡಕ್ಕೆ. ನಾಲ್ಕು ದಿನದ ಮಾತು, ಹೊಸ ತಂತಿ ತರೋವರೆಗೆ ಅಂದ್ಕೊಂಡೆ. ಆದರೆ ನನ್ನ ತಂತಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ ಅಂತ ಊರೆಲ್ಲ ಹೇಳಿದ್ದೆ. ತಂತಿ ಅಂಗಡಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಕುರ್ಚಿ ತಿರುಗಿಸೋದೇ ವಾಸಿ ಅನ್ನಿಸ್ತು. ಗಿರಾಕಿಗಳ ಗಂಟು, ಚೀಟಿ, ಕಲೆ, ಗುಂಡಿ ಹೋದ ಅಂಗಿ, ಎಲ್ಲ ನನ್ನ ಬೆರಳಿನ ಮೇಲೇ ದಾಟಿದೆ. ನಾನು ಯಾಕೆ ರಜೆನೇ ಹಾಕಲ್ಲ ಅಂತ ನೀನು ಎಲ್ಲರ ಹತ್ತಿರ ಹೊಗಳ್ತಿದ್ದೆಯಲ್ಲ? ಜ್ವರದಲ್ಲಿ ಕಂಬಳಿ ಹೊದ್ದು ಬಂದು ಕೂತಾಗ ನೀನು ಕಣ್ಣು ಒರೆಸ್ಕೊಂಡೆ. ನಾನು ಆವತ್ತು ಹೇಳ್ಬೇಕು ಅಂತಿದ್ದೆ. ಆದರೆ ಅಷ್ಟು ಚೆನ್ನಾಗಿ ಯಾರೂ ನನ್ನನ್ನ ಹೊಗಳಿರ್ಲಿಲ್ಲ.

ಇಲ್ಲ ಇಲ್ಲ, ಆಸ್ಪತ್ರೆ ಬಟ್ಟೆ ಅದಲು ಬದಲು ಆದದ್ದು ನನ್ನಿಂದ ಅಲ್ಲ. ಅದನ್ನ ಕೇಳ್ತೀಯ ಅಂತ ಗೊತ್ತಿತ್ತು. ಎರಡೂ ಗಂಟು ವ್ಯಾನಿನಲ್ಲಿ ಬಿದ್ದು ಬಿಚ್ಚಿಹೋಗಿದ್ವು, ಚಾಲಕ ಬೆನ್ನು ಬಗ್ಗಿಸೋಕೆ ಬೇಜಾರಾಗಿ ಕೈಗೆ ಸಿಕ್ಕ ಹಾಗೆ ಕಟ್ಟಿದ. ಕೆಲಸ ಬಿಟ್ಟು ಹೋಗುವಾಗ ನನ್ನ ಹತ್ತಿರ ಹೇಳಿ ಹೋದ. ನಿನ್ನ ಕಣ್ಣಿನ ತಪ್ಪೂ ಅಲ್ಲ, ನನ್ನ ಬೆರಳಿನ ತಪ್ಪೂ ಅಲ್ಲ. ಅದನ್ನ ಬಾವನಿಗೆ ಹೇಳಿದೆ. "ಹ್ಞೂಂ" ಅಂದ್ರು. ನೀವೇ ಹೋಗಿ ಅಕ್ಕನಿಗೆ ಹೇಳಿ ಅಂದೆ. ಕತ್ತು ತಗ್ಗಿಸಿ ವ್ಯಾನಿನ ಚಕ್ರ ನೋಡ್ತಾ ನಿಂತ್ರು. ಆ ಮನುಷ್ಯನ ಬಾಯಿಂದ ಮಾತು ತೆಗೆಯೋದು ಅಂದ್ರೆ ಒದ್ದೆ ಕಂಬಳಿ ಹಿಂಡಿದ ಹಾಗೆ. ಕೈ ನೋಯುತ್ತೆ, ನೀರು ಮಾತ್ರ ಒಳಗೇ ಇರುತ್ತೆ.

ಯಾಕೆ ಹಾಗೆ ನೋಡ್ತೀಯ? ಏನು ಕೇಳ್ಬೇಕು ಕೇಳು. ಬಾಯಿಬಿಟ್ಟು ಕೇಳು. ನೀನೂ ಬಾವನ ಹಾಗೇ ಆಗಿಬಿಟ್ಟೆಯಾ?

ನಾನು ಏನೂ ಸೇರಿಸಿಲ್ಲ ಅಕ್ಕ. ಬಂದದ್ದನ್ನ ಬಂದ ಹಾಗೇ ದಾಟಿಸಿದ್ದೀನಿ. ಬರೀ ಕೈ ನಾನು. ತಂತಿ ಎಲ್ಲಾದರೂ ತನ್ನ ಕಡೆಯಿಂದ ಮಾತು ಸೇರಿಸುತ್ತಾ?

…

ಅಲ್ಲೊಂದು ಇಲ್ಲೊಂದು. ಉಪ್ಪಿನಷ್ಟು. ಬಾವ "ಬೇಗ ಕಳ್ಸು" ಅಂತ ಬರೆದ್ರೆ ನಾನು "ಬೇಗ ಕಳ್ಸು, ಆದರೆ ಅವಸರ ಮಾಡ್ಕೋಬೇಡ" ಅಂತ ದಾಟಿಸ್ತಿದ್ದೆ. ನೀನು "ವ್ಯಾನಿನವರಿಗೆ ತಲೆ ಇಲ್ವಾ" ಅಂತ ಬರೆದ್ರೆ ಆ ಕಡೆಗೆ "ವ್ಯಾನಿನ ಕಡೆ ಸ್ವಲ್ಪ ಗಮನ ಇರ್ಲಿ" ಅಂತ ಹೋಗ್ತಿತ್ತು. ಲಾಂಡ್ರಿಯವನು ನಾನು. ಕೊಳೆ ಬಟ್ಟೆ ಕೈಗೆ ಬಂದಾಗ ಹಾಗೇ ಮುಂದಕ್ಕೆ ಕೊಡೋಕೆ ಮನಸ್ಸು ಬರೋದಿಲ್ಲ. ಅದು ಅಭ್ಯಾಸ.

ಆ ಮೆಸೇಜಾ.

ಯಾವುದು ಅಂತ ನೀನು ಹೇಳೋದು ಬೇಡ, ನನಗೆ ಗೊತ್ತು. ನೀನು ಕೌಂಟರಿನಲ್ಲಿ ಓದಿ, ಗಿರಾಕಿಯನ್ನ ನಿಲ್ಲಿಸಿಬಿಟ್ಟು, ಎದ್ದು ನೀರು ಕುಡಿಯೋಕೆ ಹೋದೆಯಲ್ಲ, ಅದು. "ತಪ್ಪು ನಂದೇ. ಅಷ್ಟು ಜನರ ಎದುರು ಹಾಗೆ ಅನ್ಬಾರದಿತ್ತು. ಕೌಂಟರ್ ನಿಂದು." ಆಮೇಲೆ ನೀನು ಇಲ್ಲಿಗೆ ಬಂದು, ಬಾವನೇ ಮೊದಲು ಬಾಗಿದ್ರು ಕಣೋ ಅಂದೆ. ನಾನೂ ಹೌದು, ಬಾವನೇ ಮೊದಲು ಬಾಗಿದ್ರು ಅಂದೆ. ಅವತ್ತಿನಿಂದ ನಿನ್ನ ನಡಿಗೆಯೇ ಬೇರೆ. ತಟ್ಟೆಗೆ ತುಪ್ಪ ಬೀಳೋಕೆ ಶುರುವಾದದ್ದೂ ಅವತ್ತಿನಿಂದಲೇ.

ಬಾವ ಅಷ್ಟು ಉದ್ದ ಬರೆದಿರ್ಲಿಲ್ಲ. ಸ್ವಲ್ಪ ಚಿಕ್ಕದಾಗಿ ಬರೆದಿದ್ರು. ನಾನು ಅದನ್ನ ಬಿಡಿಸಿ ಬರೆದೆ. ನೆನೆದ ಬಟ್ಟೆ ಮುದ್ದೆಯಾಗಿರುತ್ತೆ, ಕೊಡವಿ ಹರಡ್ಬೇಕಲ್ವಾ, ಹಾಗೆ.

ಎಷ್ಟು ಚಿಕ್ಕದು ಅಂದ್ರೆ… "ಸರಿ." ಅಂತ.

ಹ್ಞೂಂ. ಅಷ್ಟೇ. "ಸರಿ." ಚುಕ್ಕಿ ಮಾತ್ರ ಅವರೇ ಇಟ್ಟಿದ್ರು. ಬಾವ ಚುಕ್ಕಿ ಇಡೋದು ನಾನು ನೋಡಿದ್ದು ಅದೊಂದೇ ಸಲ.

ಅಳ್ಬೇಡ. ಅಳ್ತಿಲ್ವಾ? ಹಬೆನಾ? ಸರಿ, ಹಬೆ. ಕೇಳು ಅಕ್ಕ, ಅವರು ಕಲ್ಲಲ್ಲ. ಅವರದ್ದೇ ಅಂತ ಒಂದು ಇದೆ, ನಾನು ಅದನ್ನ ದಾಟಿಸಲೇ ಇಲ್ಲ. ನಿನ್ನ ಕೌಂಟರಿನ ಮೇಲೆ ಆ ದೊಡ್ಡ ದೀಪ ಬಂತಲ್ಲ, ಚೀಟಿ ಓದೋಕೆ ಅಂತ? ನೀನು ನನಗೆ ಎಷ್ಟು ಹರಸಿದೆ. ತಮ್ಮ ಅಂದ್ರೆ ಹೀಗಿರ್ಬೇಕು ಅಂದೆ, ಮೀಸೆ ಇಲ್ಲದ ಜಾಗವನ್ನ ಸವರಿಕೊಂಡು ನಿಂತಿದ್ದೆ ನಾನು. ಅದು ನಾನು ಹಾಕಿಸಿದ್ದಲ್ಲ. ಜಗಳ ಆದ ಮಾರನೇ ಬೆಳಗ್ಗೆ ಬಲಗಡೆ ಕಂಪ್ಯೂಟರಿಗೆ ಬಂತು. ನಿನಗಲ್ಲ, ನನಗೆ. "ಕೌಂಟರ್ ಮೇಲೆ ದೊಡ್ಡ ದೀಪ ಹಾಕ್ಸು. ಬೆಳಕು ಕಮ್ಮಿ ಇರೋದು, ಕಣ್ಣಲ್ಲ. ನಾನು ಹೇಳಿದೆ ಅಂತ ಹೇಳ್ಬೇಡ." ಆ ಮನುಷ್ಯ ಜೀವಮಾನದಲ್ಲಿ ಬರೆದ ಅತಿ ಉದ್ದದ ಬರಹ ಅದು. ಹೇಳ್ಬೇಡ ಅಂದ್ರು, ನಾನು ಹೇಳ್ಲಿಲ್ಲ. ಹೆಸರು ನಾನು ತಗೊಂಡೆ. ಇಷ್ಟು ವರ್ಷ ತಿರುಗೋ ಕುರ್ಚಿಯಲ್ಲಿ ಕೂತವನಿಗೆ ಒಂದು ದೀಪದ ಹೆಸರಾದರೂ ಬೇಡ್ವಾ? ಆದರೆ ಆಮೇಲೆ ಯೋಚನೆ ಆಯ್ತು. ಅವರು ನಿಜವಾಗಿ ಬರೆದದ್ದನ್ನ ನಿನಗೆ ತೋರಿಸೋ ಹಾಗಿಲ್ಲ. ನಿನಗೆ ಬೇಕಾದದ್ದನ್ನ ಅವರು ಬರೆಯೋ ಹಾಗಿಲ್ಲ. ನಡುವೆ ಕೂತವನು ಏನು ಮಾಡ್ಬೇಕು? ನಾನು ಆ ದೀಪವನ್ನೇ ಅಕ್ಷರ ಮಾಡಿ ಕಳ್ಸಿದೆ ಅಂದ್ಕೋ.

ಬೇಕಾದ್ರೆ ಬಯ್ಯಿ. ನಾಲ್ಕು ಬಯ್ದುಬಿಡು, ಹಗುರ ಆಗುತ್ತೆ. ಈ ಕಡೆ ತುದಿಗೆ ಮುಚ್ಚಳ ಇಲ್ಲ ನೋಡು, ನಾನು ಹೇಳಿದ್ದೆಲ್ಲ ನಿನಗೆ ಬಡಿದು ವಾಪಸ್ಸು ನನ್ನ ಹತ್ತಿರವೇ ಬರ್ತಿದೆ.

ಬಾರಪ್ಪ ಬಾ, ಏಣಿ ಅಲ್ಲೇ ಇಡು. ಒಂದೈದು ನಿಮಿಷ. ಕೇಳಿದ್ಯಾ ಅಕ್ಕ, ಟೀ ಬೇಕಂತೆ ಈಗ. ಹೋಗಪ್ಪ, ಆ ಕಡೆ ಫ್ಲಾಸ್ಕ್ ಇದೆ.

ಎಲ್ಲಿಗೆ ಎದ್ದೆ ಅಕ್ಕ? ಕೌಂಟರ್ ಈ ಕಡೆ.

ಓ. ಹಿಂದಕ್ಕಾ. ನಡ್ಕೊಂಡೇ ಹೋಗ್ತೀಯಾ? ಅಲ್ಲಿವರೆಗೂ? ಹೋಗು, ಹೋಗ್ಲೇಬೇಕು. ಇಸ್ತ್ರಿ ಕೋಣೆಯಲ್ಲಿ ನೆಲ ಒದ್ದೆ, ನೋಡ್ಕೊಂಡು ಕಾಲಿಡು. ಬಾವ ಈಗ ಗಂಟು ಎಣಿಸ್ತಿರ್ತಾರೆ, ನಡುವೆ ಮಾತಾಡಿಸಿದ್ರೆ ತಪ್ಪಿಹೋಗುತ್ತೆ. ತಪ್ಪಲಿ ಬಿಡು, ಇವತ್ತೊಂದು ದಿನ. ದೀಪದ ವಿಷಯ ನಾನು ಹೇಳಿದೆ ಅಂತ ಹೇಳ್ಬೇಡ. ಹೇಳಿದ್ರೂ ಪರವಾಗಿಲ್ಲ. ಸೀದಾ ಹೋಗಿ, ನೀವು ಮೊದಲು ಬಾಗಿದ್ರಿ, ಅದಕ್ಕೇ ಬಂದೆ ಅನ್ನು, ಸಾಕು.

ಯಾಕೆ ನಿಂತೆ?

ಹೋಗು ಅಕ್ಕ. ಬಾಗಿಲಲ್ಲಿ ನಿಂತು ನನ್ನನ್ನ ಏನು ನೋಡ್ತೀಯ? ಎಲ್ಲ ಹೇಳಿದ್ನಲ್ಲ. ತಂತಿ ಹೇಳಿದೆ, ಮುಚ್ಚಳ ಹೇಳಿದೆ, ಅವರು ಬರೆದ "ಸರಿ" ಕೂಡ ಹೇಳಿದೆ.

…

ಹೌದು.

"ಸರಿ" ಅಂತ ಯಾರೂ ತಾನೇ ತಾನಾಗಿ ಬರೆಯೋದಿಲ್ಲ. ಅದು ಯಾವುದಕ್ಕಾದರೂ ಉತ್ತರ ಆಗಿರ್ಲೇಬೇಕು. ಬಾಯಿ ತೆರೆಯದೇನೇ ಬಂದು ಅಲ್ಲಿಗೇ ನಿಂತೆ ನೀನು. ಕಣ್ಣು ಕಾಣಲ್ಲ ಅಂತಾರೆ ಇವಳಿಗೆ.

ನಾನು ಇವತ್ತು ಹೇಳಿದ್ದೆಲ್ಲ ನಿಜ. ತಳ್ಳುಗಾಡಿ ನಿಜ, ದೀಪ ನಿಜ, ಮೇಸ್ತ್ರಿ ನಾಚಿಕೊಂಡದ್ದೂ ನಿಜ. ಒಂದೇ ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು. ಬಾವ ಮೊದಲು ಬಾಗಿದ್ರು ಅಂದ್ನಲ್ಲ, ಅದು. ಅದರ ಹಿಂದಿನ ದಿನವೇ, ಈ ಬಲಗಡೆ ಕಂಪ್ಯೂಟರಿನಲ್ಲಿ, ನೀನು ಬಾಗಿದ್ದೆ. ತುಂಬಾ ಚೆನ್ನಾಗಿ ಬಾಗಿದ್ದೆ ಅಕ್ಕ. ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು.